ನೂರಾ ಐವತ್ತೆಂಟು ರನ್ನಿನ ತೂಕ

ಕ್ರಿಕೆಟ್ಟಿನ ದಾಖಲೆ ಪುಸ್ತಕದಲ್ಲಿ 158 ಎಂಬ ಸಂಖ್ಯೆಗೆ ದೊಡ್ಡ ಸ್ಥಾನವೇನೂ ಇಲ್ಲ. ಅದಕ್ಕಿಂತ ಹೆಚ್ಚು ರನ್ನನ್ನು ಒಂದೇ ಇನಿಂಗ್ಸಿನಲ್ಲಿ ಹೊಡೆದ ದಾಂಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ 1968ರ ಆಗಸ್ಟ್ ತಿಂಗಳಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಬಂದ 158 ರನ್ನುಗಳ ಕಥೆಯೇ ಬೇರೆ. ಆ ರನ್ನುಗಳು ಇಂಗ್ಲೆಂಡಿನ ಪ್ರತಿಷ್ಠಿತ ಕ್ರಿಕೆಟ್ ಕ್ಲಬ್ಬನ್ನು ಪೇಚಿಗೆ ಸಿಕ್ಕಿಸಿದವು. ಒಂದು ದೇಶದ ಪ್ರಧಾನಮಂತ್ರಿಯನ್ನು ಸಿಟ್ಟಿಗೆಬ್ಬಿಸಿದವು. ಕೊನೆಗೆ ಆ ದೇಶವನ್ನು ಇಪ್ಪತ್ತೊಂದು ವರ್ಷಗಳಿಗೂ ಹೆಚ್ಚು ಕಾಲ ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ಹೊರಗಿಟ್ಟ ಘಟನೆಗಳಿಗೆ ನಾಂದಿಯಾದವು.

ಆ ರನ್ನುಗಳನ್ನು ಹೊಡೆದವನು ಬೇಸಿಲ್ ಡಿ'ಒಲಿವೆರಾ. ಆಡಿದ್ದು ಇಂಗ್ಲೆಂಡಿಗೆ, ಹುಟ್ಟಿದ್ದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ. ಹುಟ್ಟಿದ ದೇಶಕ್ಕೆ ಆತ ಏಕೆ ಆಡಲಿಲ್ಲ ಎಂಬ ಪ್ರಶ್ನೆಯಿಂದಲೇ ಈ ಕಥೆ ಶುರುವಾಗುತ್ತದೆ.

ಪರೀಕ್ಷೆಗೇ ಒಡ್ಡದ ನಿಯಮ

ವಿಜ್ಞಾನದಲ್ಲಿ ಯಾವುದೇ ನಿಯಮವನ್ನು ಯಾರೋ ದೊಡ್ಡವರು ಹೇಳಿದರೆಂದು ಒಪ್ಪುವುದಿಲ್ಲ. ಅದನ್ನು ಪರೀಕ್ಷೆಗೆ ಒಡ್ಡಬೇಕು. ಸಾವಿರ ಉದಾಹರಣೆಗಳು ನಿಯಮದ ಪರವಾಗಿದ್ದರೂ, ಸರಿಯಾಗಿ ನಡೆಸಿದ ಒಂದೇ ಒಂದು ಪ್ರಯೋಗ ಅದಕ್ಕೆ ವಿರುದ್ಧವಾಗಿ ಬಂದರೆ ನಿಯಮವನ್ನು ತಿದ್ದಬೇಕು, ಇಲ್ಲವೇ ಕೈಬಿಡಬೇಕು. ಪ್ರಯೋಗ ಮಾಡಲೇ ಬಾರದೆಂದು ಯಾರಾದರೂ ಬಾಗಿಲು ಹಾಕಿದರೆ, ಆ ನಿಯಮದ ಬಗ್ಗೆ ಅವರಿಗೇ ನಂಬಿಕೆ ಇಲ್ಲವೆಂದು ತಿಳಿಯಬೇಕಾಗುತ್ತದೆ.

ದಕ್ಷಿಣ ಆಫ್ರಿಕದ ಬಿಳಿಯರ ಕ್ರಿಕೆಟ್ ಹೀಗೆ ಬಾಗಿಲು ಹಾಕಿಕೊಂಡೇ ಬೆಳೆದದ್ದು. 1889ರಲ್ಲಿ ಮೊದಲ ಟೆಸ್ಟ್ ಆಡಿದ ಆ ದೇಶ 1970ರವರೆಗೆ 172 ಟೆಸ್ಟ್ ಪಂದ್ಯಗಳನ್ನು ಆಡಿತು. ಎದುರಾಳಿಗಳು ಮೂರೇ ದೇಶ: ಇಂಗ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್. ವೆಸ್ಟ್ ಇಂಡೀಸ್, ಭಾರತ, ಪಾಕಿಸ್ತಾನ ಈ ಮೂರೂ ಟೆಸ್ಟ್ ಆಡುತ್ತಿದ್ದವು. ಆದರೂ ಎಂಬತ್ತು ವರ್ಷಗಳಲ್ಲಿ ಒಂದು ಸಲವೂ ದಕ್ಷಿಣ ಆಫ್ರಿಕ ಅವುಗಳೊಡನೆ ಮೈದಾನಕ್ಕೆ ಇಳಿಯಲಿಲ್ಲ. ಸೋಬರ್ಸ್ ಎದುರು ಆಡದೆ, ಮಂಕಡ್ ಎದುರು ಆಡದೆ, ಹನೀಫ್ ಎದುರು ಆಡದೆ ಬಿಳಿಯರೇ ಶ್ರೇಷ್ಠರೆಂದು ಹೇಳಿಕೊಳ್ಳುವುದು ಕಷ್ಟದ ಕೆಲಸವೇನಲ್ಲ.

ದೇಶದ ಒಳಗೂ ಹಾಗೆಯೇ. ವರ್ಣಭೇದ ನೀತಿ ಕಾನೂನಿನ ರೂಪ ತಾಳಿದ್ದು 1948ರಲ್ಲಿ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ. ಆದರೆ ಅದಕ್ಕೂ ಬಹಳ ಮೊದಲು, 1894ರಲ್ಲೇ, ಇಂಗ್ಲೆಂಡ್ ಪ್ರವಾಸದ ತಂಡಕ್ಕೆ ಕ್ರಾಮ್ ಹೆಂಡ್ರಿಕ್ಸ್ ಎಂಬ ವೇಗದ ಬೌಲರನ ಹೆಸರು ಕೇಳಿಬಂದಿತ್ತು. ಆತ ಮಿಶ್ರವರ್ಣೀಯ. ಅಷ್ಟೇ ಕಾರಣಕ್ಕೆ ಹೆಸರು ಕೈಬಿಟ್ಟಿತು. 1948ರ ನಂತರ ರೂಢಿಯಾಗಿದ್ದದ್ದು ಶಾಸನವಾಯಿತು. 1950ರ ಕಾನೂನಿನಂತೆ ಪ್ರತಿಯೊಬ್ಬನ ಹೆಸರಿನ ಮುಂದೆ ಸರಕಾರವೇ ವರ್ಣವನ್ನು ಬರೆಯಿತು. ಯಾರು ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬಾರದು ಎಂಬುದೆಲ್ಲ ಆ ಒಂದು ಪದದ ಮೇಲೆ ನಿಂತಿತು.

ಸಿಗ್ನಲ್ ಹಿಲ್ಲಿನ ಹುಡುಗ

ಡಿ'ಒಲಿವೆರಾ ಹೆಸರಿನ ಮುಂದೆ ಸರಕಾರ ಬರೆದದ್ದು 'ಮಿಶ್ರವರ್ಣೀಯ' ಎಂದು. ದಾಖಲೆಗಳ ಪ್ರಕಾರ ಆತ ಹುಟ್ಟಿದ್ದು 1931ರಲ್ಲಿ. ಬೆಳೆದದ್ದು ಕೇಪ್‌ಟೌನಿನ ಸಿಗ್ನಲ್ ಹಿಲ್ ಎಂಬ ಗುಡ್ಡದ ಮಗ್ಗುಲಿನ ಬೀದಿಗಳಲ್ಲಿ. ಅದೇ ಊರಿನಲ್ಲಿ ನ್ಯೂಲೆಂಡ್ಸ್ ಎಂಬ ಸುಂದರವಾದ ಟೆಸ್ಟ್ ಮೈದಾನವಿತ್ತು. ಅಲ್ಲಿ ಬಿಳಿಯರಲ್ಲದವರು ಪಂದ್ಯ ನೋಡಬಹುದಿತ್ತು, ಅದೂ ಬೇಲಿ ಹಾಕಿದ ಬೇರೆ ಜಾಗದಲ್ಲಿ ಕುಳಿತು, ಆಡುವಂತಿರಲಿಲ್ಲ. ಅವರ ಆಟ ನಡೆಯುತ್ತಿದ್ದದ್ದು ಕಲ್ಲು ಹರಳಿನ ಬಯಲಿನಲ್ಲಿ, ಮ್ಯಾಟ್ ಹಾಸಿದ ಪಿಚ್ಚಿನ ಮೇಲೆ. ಚೆಂಡು ಯಾವಾಗ ಎಲ್ಲಿಗೆ ಪುಟಿಯುತ್ತದೆಂದು ಹೇಳುವಂತಿರಲಿಲ್ಲ. ಆ ನೆಲದಲ್ಲಿ ಕಲಿತ ಕಣ್ಣು ಮತ್ತು ಮುಂಗೈ ಮುಂದೆ ಆತನ ಆಸ್ತಿಯಾದವು.

ಹಗಲು ಮುದ್ರಣಾಲಯದಲ್ಲಿ ಕೆಲಸ, ವಾರದ ಕೊನೆಗೆ ಕ್ರಿಕೆಟ್. ಕೆಲವೇ ವರ್ಷಗಳಲ್ಲಿ ಆತ ಬಿಳಿಯರಲ್ಲದವರ ದಕ್ಷಿಣ ಆಫ್ರಿಕ ತಂಡದ ನಾಯಕನಾದ. 1956ರಲ್ಲಿ ಕೀನ್ಯಾದ ತಂಡದ ಎದುರು, 1958ರಲ್ಲಿ ಪೂರ್ವ ಆಫ್ರಿಕದ ಪ್ರವಾಸದಲ್ಲಿ ತಂಡವನ್ನು ಮುನ್ನಡೆಸಿದ. 1959ರಲ್ಲಿ ಫ್ರಾಂಕ್ ವೊರೆಲ್ ನಾಯಕತ್ವದ ವೆಸ್ಟ್ ಇಂಡೀಸ್ ಆಟಗಾರರ ತಂಡವೊಂದು ಬಂದು ಈ ತಂಡದ ಎದುರು ಆಡುವ ಮಾತಾಯಿತು. ಆಗ ಕರಿಯರ ಹೋರಾಟಗಾರರಲ್ಲೇ ವಾದ ಎದ್ದಿತು. ಬಿಳಿಯರನ್ನು ಬಿಟ್ಟು ಪ್ರತ್ಯೇಕವಾಗಿ ಆಡಿದರೆ ಸರಕಾರದ ವಿಂಗಡಣೆಯನ್ನು ಒಪ್ಪಿಕೊಂಡಂತಲ್ಲವೇ ಎಂದು ಕೇಳಿದರು. ಪ್ರವಾಸ ರದ್ದಾಯಿತು. ವಾದದಲ್ಲಿ ಸತ್ಯವಿತ್ತು. ಆದರೆ ಇಪ್ಪತ್ತೆಂಟರ ಹರೆಯದಲ್ಲಿದ್ದ ಆಟಗಾರನಿಗೆ ಉಳಿದಿದ್ದ ಒಂದು ಅವಕಾಶವೂ ಕೈತಪ್ಪಿತ್ತು.

ಹಸಿರು ಶಾಯಿಯ ಪತ್ರ

ಅಷ್ಟರಲ್ಲಿ ಆತ ಇಂಗ್ಲೆಂಡಿಗೆ ಪತ್ರ ಬರೆಯತೊಡಗಿದ್ದ. ಬರೆದದ್ದು ಬಿಬಿಸಿಯ ವೀಕ್ಷಕ ವಿವರಣೆಕಾರ ಜಾನ್ ಆರ್ಲೆಟ್‌ಗೆ. ಹಸಿರು ಶಾಯಿಯಲ್ಲಿ ಬರೆದ ಆ ಪತ್ರಗಳ ಕೋರಿಕೆ ಒಂದೇ: ಇಂಗ್ಲೆಂಡಿನಲ್ಲಿ ಎಲ್ಲಾದರೂ ಆಡಲು ಒಂದು ಜಾಗ ಕೊಡಿಸಿ. ಪತ್ರ ತಲುಪಿದ್ದು ಸರಿಯಾದ ಕೈಗೆ. ಆರ್ಲೆಟ್ 1948ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿದ್ದಾಗ ಅಲ್ಲಿನ ಸರಕಾರಿ ಅರ್ಜಿಯಲ್ಲಿ 'ಜನಾಂಗ' ಎಂದಿದ್ದ ಕಡೆ 'ಮನುಷ್ಯ' ಎಂದು ತುಂಬಿದ್ದರೆಂದು ಹೇಳುತ್ತಾರೆ.

ಆರ್ಲೆಟ್ ಮತ್ತು ಪತ್ರಕರ್ತ ಜಾನ್ ಕೇ ಸೇರಿ ಮಿಡಲ್‌ಟನ್ ಎಂಬ ಲೀಗ್ ಕ್ಲಬ್ಬಿನಲ್ಲಿ 1960ರ ಒಂದು ಋತುವಿಗೆ ಜಾಗ ಗೊತ್ತುಮಾಡಿದರು. ಸಂಬಳ 450 ಪೌಂಡ್. ವಿಮಾನದ ಖರ್ಚು ಆಟಗಾರನದೇ. ಆತನಲ್ಲಿ ಹಣವಿರಲಿಲ್ಲ. ಕೇಪ್‌ಟೌನಿನ ಬಡ ಬೀದಿಗಳು ಚಂದಾ ಎತ್ತಿದವು, ಸಹಾಯಾರ್ಥ ಪಂದ್ಯಗಳು ನಡೆದವು. ಜೆರಾಲ್ಡ್ ಇನ್ಸ್ ಎಂಬ ಬಿಳಿಯ ಕ್ರಿಕೆಟಿಗನೂ ತನ್ನ ಗೆಳೆಯರನ್ನು ಕಟ್ಟಿಕೊಂಡು ಬಂದು ಅಂಥ ಒಂದು ಪಂದ್ಯ ಆಡಿದ. ಬಸುರಿ ಹೆಂಡತಿಯನ್ನು ಊರಲ್ಲಿ ಬಿಟ್ಟು ಡಿ'ಒಲಿವೆರಾ ವಿಮಾನ ಹತ್ತಿದ.

ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಹೋಟೆಲಿನಲ್ಲಿ ಬಿಳಿಯರೇ ತನಗೆ ಊಟ ಬಡಿಸಿದಾಗ ಆತನಿಗೆ ದಿಗ್ಭ್ರಮೆಯಾಯಿತು. ಒದ್ದೆ ಪಿಚ್ಚಿನ ಮೇಲೆ ಮೊದಲ ಕೆಲವು ಪಂದ್ಯಗಳಲ್ಲಿ ರನ್ನು ಬರಲಿಲ್ಲ. ಆಮೇಲೆ ಬಂದವು, ಎಷ್ಟೆಂದರೆ ಆ ವರ್ಷ ಲೀಗಿನ ಸರಾಸರಿಯಲ್ಲಿ ಆತನ ಹೆಸರು ಗಾರ್‌ಫೀಲ್ಡ್ ಸೋಬರ್ಸ್ ಹೆಸರಿಗಿಂತ ಮೇಲಿತ್ತು. ಮುಂದೆ ಆತ ಬ್ರಿಟಿಷ್ ಪೌರನಾದ, ವೂಸ್ಟರ್‌ಷೈರ್ ಕೌಂಟಿ ಸೇರಿದ. 1966ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ಎದುರು ಇಂಗ್ಲೆಂಡಿನ ಟೆಸ್ಟ್ ತಂಡಕ್ಕೆ ಬಂದಾಗ ವಯಸ್ಸು ಮೂವತ್ತನಾಲ್ಕು. ನಿಜವಾದ ವಯಸ್ಸು ಹೇಳಿದರೆ ಯಾರೂ ಸೇರಿಸಿಕೊಳ್ಳಲಾರರೆಂದು ಕೆಲವು ವರ್ಷ ಕಡಿಮೆ ಹೇಳಿದ್ದ. ಹುಟ್ಟಿದ ದೇಶ ಕಸಿದುಕೊಂಡಿದ್ದ ವರ್ಷಗಳನ್ನು ಹಾಗೆ ಒಂದಿಷ್ಟು ಮರಳಿ ಪಡೆದನೆಂದರೂ ಸರಿಯೇ.

ಆತನ ಮೊದಲ ಟೆಸ್ಟ್ ಶತಕ ಬಂದದ್ದು ಭಾರತದ ಎದುರು. 1967ರಲ್ಲಿ ಲೀಡ್ಸಿನಲ್ಲಿ ಹೊಡೆದ ಆ 109 ರನ್ನು ಕರ್ನಾಟಕದವರೇ ಆದ ಪ್ರಸನ್ನ ಮತ್ತು ಚಂದ್ರಶೇಖರ್ ಇದ್ದ ಬೌಲಿಂಗ್ ಪಡೆಯ ಎದುರು ಬಂದದ್ದು.

ಬೇಡವಾದ ಶತಕ

1968–69ರ ಚಳಿಗಾಲದಲ್ಲಿ ಇಂಗ್ಲೆಂಡ್ ತಂಡ ದಕ್ಷಿಣ ಆಫ್ರಿಕಕ್ಕೆ ಹೋಗಬೇಕಿತ್ತು. ಆ ಕಾಲದಲ್ಲಿ ಇಂಗ್ಲೆಂಡಿನ ತಂಡ ಹೊರದೇಶಕ್ಕೆ ಹೋಗುತ್ತಿದ್ದದ್ದು ಎಂ.ಸಿ.ಸಿ. ಕ್ಲಬ್ಬಿನ ಹೆಸರಿನಲ್ಲಿ. ಡಿ'ಒಲಿವೆರಾ ಆಯ್ಕೆಯಾದರೆ ಏನು ಗತಿ ಎಂಬ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇತ್ತು. 1968ರ ಮಾರ್ಚಿನಲ್ಲಿ ಕ್ಲಬ್ಬಿನ ಮಾಜಿ ಅಧ್ಯಕ್ಷ ಲಾರ್ಡ್ ಕಾಬ್‌ಹ್ಯಾಮ್ ದಕ್ಷಿಣ ಆಫ್ರಿಕದ ಪ್ರಧಾನಿ ಜಾನ್ ಫೋರ್‌ಸ್ಟರ್ ಅವರನ್ನು ಕಂಡಾಗ ಉತ್ತರ ಸ್ಪಷ್ಟವಾಗಿಯೇ ಸಿಕ್ಕಿತು: ಡಿ'ಒಲಿವೆರಾ ಬಂದರೆ ಪ್ರವಾಸವಿಲ್ಲ. ಈ ಸಂಗತಿಯನ್ನು ತಿಳಿಸಿದ ಪತ್ರ ಕ್ಲಬ್ಬಿನ ಮೂವರು ಹಿರಿಯರ ಕೈಸೇರಿತು. ಅವರು ಅದನ್ನು ಆಯ್ಕೆ ಸಮಿತಿಯ ಮುಂದಿಡದೆ ತಮ್ಮಲ್ಲೇ ಇಟ್ಟುಕೊಂಡರು. ಹೊರಗೆ ಎಲ್ಲವೂ ಮಾಮೂಲಾಗಿ ನಡೆಯುತ್ತಿರುವಂತೆ ಕಂಡಿತು.

ಆ ಬೇಸಿಗೆಯಲ್ಲಿ ಆಸ್ಟ್ರೇಲಿಯ ತಂಡ ಇಂಗ್ಲೆಂಡಿಗೆ ಬಂದಿತ್ತು. ಮೊದಲ ಟೆಸ್ಟಿನಲ್ಲಿ ಇಂಗ್ಲೆಂಡ್ ಸೋತಿತು. ಎರಡನೆಯ ಇನಿಂಗ್ಸಿನಲ್ಲಿ ಔಟಾಗದೆ 87 ಹೊಡೆದ ಡಿ'ಒಲಿವೆರಾನನ್ನು ಎರಡನೆಯ ಟೆಸ್ಟಿಗೆ ಕೈಬಿಟ್ಟರು. ಲಾರ್ಡ್ಸಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಬಿಲ್ಲಿ ಗ್ರಿಫಿತ್ ಆತನನ್ನು ಕರೆದು, ಇಂಗ್ಲೆಂಡ್ ತಂಡಕ್ಕೆ ಬರುವುದಿಲ್ಲವೆಂದು ತಾನಾಗಿಯೇ ಹೇಳಿ, ದಕ್ಷಿಣ ಆಫ್ರಿಕಕ್ಕೆ ಆಡಲು ಸಿದ್ಧನೆಂದು ಪ್ರಕಟಿಸಬಾರದೇ ಎಂದು ಸೂಚಿಸಿದರು. ಯಾವ ದೇಶ ಆತನನ್ನು ಮೈದಾನಕ್ಕೇ ಬಿಡುವುದಿಲ್ಲವೋ ಅದಕ್ಕೇ ಆಡು ಎಂಬ ಸಲಹೆ ಇದು! ಆತ ಸಿಟ್ಟಿನಿಂದಲೇ ನಿರಾಕರಿಸಿದ.

ಆಮೇಲೆ ಬಂದದ್ದು ಹಣ. ದಕ್ಷಿಣ ಆಫ್ರಿಕದ ತಂಬಾಕು ಉದ್ಯಮದ ಒಬ್ಬ ಅಧಿಕಾರಿ ವರ್ಷಕ್ಕೆ 4,000 ಪೌಂಡಿನಂತೆ ಹತ್ತು ವರ್ಷದ ತರಬೇತುದಾರನ ಕೆಲಸ ಕೊಡುವುದಾಗಿ ಹೇಳಿದ. ಕೌಂಟಿ ಆಟಗಾರನಿಗೆ ಆಗ ಅದು ಕನಸಿನ ಮೊತ್ತ. ಷರತ್ತು ಒಂದೇ: ತಂಡದ ಆಯ್ಕೆಗೆ ಮೊದಲೇ, ತನಗೆ ಪ್ರವಾಸ ಬೇಡವೆಂದು ಹೇಳಬೇಕು. ಆತ ಹೇಳಲಿಲ್ಲ.

ಕೊನೆಯ ಟೆಸ್ಟ್ ಓವಲ್‌ನಲ್ಲಿ. ಪಂದ್ಯದ ಹಿಂದಿನ ದಿನ ರೋಜರ್ ಪ್ರಿಡಿಯೋ ಎಂಬ ದಾಂಡಿಗ ಅನಾರೋಗ್ಯದಿಂದ ಹಿಂದೆ ಸರಿದ. ಆ ಜಾಗಕ್ಕೆ ಡಿ'ಒಲಿವೆರಾ ಬಂದ. 31 ರನ್ನು ಆಗಿದ್ದಾಗ ವಿಕೆಟ್ ಕೀಪರ್ ಜಾರ್ಮನ್ ಒಂದು ಕ್ಯಾಚ್ ಬಿಟ್ಟ. ಆನಂತರ ಆತನನ್ನು ಬೇಗ ತಡೆಯಲು ಆಸ್ಟ್ರೇಲಿಯದ ಬೌಲರುಗಳಿಗೆ ಆಗಲಿಲ್ಲ. 158 ಹೊಡೆದೇ ಹೊರಟ. ಕೊನೆಯ ದಿನ ಮಳೆ ಬಂದು ಮೈದಾನ ಕೆರೆಯಾದಾಗ ಪ್ರೇಕ್ಷಕರೇ ಇಳಿದು ನೀರು ಬಳಿದರು. ಆಟ ಮತ್ತೆ ಶುರುವಾದ ಮೇಲೆ ಮುರಿಯದೆ ನಿಂತಿದ್ದ ಜೊತೆಯಾಟವನ್ನು ಮುರಿದದ್ದೂ ಡಿ'ಒಲಿವೆರಾನೇ. ಔಟಾದವನು ಅದೇ ಜಾರ್ಮನ್. ಉಳಿದ ಕೆಲಸವನ್ನು ಡೆರೆಕ್ ಅಂಡರ್‌ವುಡ್ ಮುಗಿಸಿದ. ಇನ್ನು ಕೆಲವೇ ನಿಮಿಷ ಇರುವಾಗ ಇಂಗ್ಲೆಂಡ್ 226 ರನ್ನುಗಳಿಂದ ಗೆದ್ದಿತು.

ಅದೇ ರಾತ್ರಿ ಆಯ್ಕೆ ಸಮಿತಿ ಕುಳಿತಿತು. ಸಭೆ ನಡುರಾತ್ರಿ ದಾಟಿತು. ಮರುದಿನ ಆಗಸ್ಟ್ 28ರಂದು ತಂಡ ಪ್ರಕಟವಾದಾಗ ಡಿ'ಒಲಿವೆರಾ ಅದರಲ್ಲಿರಲಿಲ್ಲ. ಆ ದಿನ ಆತ ಕೌಂಟಿ ಪಂದ್ಯದಲ್ಲಿ ಇನ್ನೊಂದು ಶತಕ ಹೊಡೆದು ಬಂದಿದ್ದ. ಡ್ರೆಸಿಂಗ್ ಕೋಣೆಯ ರೇಡಿಯೋದಲ್ಲಿ ಹೆಸರುಗಳನ್ನು ಕೇಳಿ ಅತ್ತುಬಿಟ್ಟ.

ಕಾರಣ ಮತ್ತು ನೆಪ

ಸಮಿತಿ ಕೊಟ್ಟ ಕಾರಣ ಗಮನಿಸಬೇಕಾದದ್ದು. ಹೊರದೇಶದ ಪಿಚ್ಚಿನಲ್ಲಿ ಆತನನ್ನು ಬೌಲರ್ ಎಂದು ಲೆಕ್ಕ ಹಿಡಿಯುವಂತಿಲ್ಲ, ಕೇವಲ ದಾಂಡಿಗನೆಂದು ನೋಡಿದೆವು, ದಾಂಡಿಗರಲ್ಲಿ ಇನ್ನೂ ಉತ್ತಮರಿದ್ದರು ಎಂದಿತು. ವರ್ಣದ ಮಾತೇ ಇಲ್ಲ. ಎಲ್ಲವೂ ಯೋಗ್ಯತೆಯ ಪ್ರಶ್ನೆ. ಮೂರು ವಾರದೊಳಗೆ, ಸೆಪ್ಟೆಂಬರ್ 16ರಂದು, ತಂಡದಲ್ಲಿದ್ದ ಟಾಮ್ ಕಾರ್ಟ್‌ರೈಟ್ ಗಾಯದ ಕಾರಣ ಹಿಂದೆ ಸರಿದ. ಕಾರ್ಟ್‌ರೈಟ್ ಮುಖ್ಯವಾಗಿ ಬೌಲರ್. ಬೌಲರನ ಜಾಗಕ್ಕೆ ಸಮಿತಿ ಆರಿಸಿದ್ದು ಯಾರನ್ನು? ಬೌಲರ್ ಎಂದು ಲೆಕ್ಕ ಹಿಡಿಯುವಂತಿಲ್ಲ ಎಂದಿದ್ದ ಡಿ'ಒಲಿವೆರಾನನ್ನು! ಇಪ್ಪತ್ತು ದಿನದಲ್ಲಿ ಬದಲಾದದ್ದು ಆತನ ಬೌಲಿಂಗ್ ಅಲ್ಲ. ಪತ್ರಿಕೆಗಳು ಟೀಕಿಸಿದ್ದವು, ಕ್ಲಬ್ಬಿನ ಸದಸ್ಯರು ರಾಜೀನಾಮೆ ಕೊಟ್ಟಿದ್ದರು, ಮಾಜಿ ಟೆಸ್ಟ್ ಆಟಗಾರನೂ ಪಾದ್ರಿಯೂ ಆಗಿದ್ದ ಡೇವಿಡ್ ಶೆಪರ್ಡ್ ಬಹಿರಂಗವಾಗಿ ವಿರೋಧಿಸಿದ್ದರು.

ಮರುದಿನವೇ ಬ್ಲೂಮ್‌ಫಾಂಟೇನ್ ಎಂಬ ಊರಿನಲ್ಲಿ ಫೋರ್‌ಸ್ಟರ್ ಭಾಷಣ ಮಾಡಿದರು. ಇದು ಎಂ.ಸಿ.ಸಿ.ಯ ತಂಡವಲ್ಲ, ವರ್ಣಭೇದ ವಿರೋಧಿ ಚಳವಳಿಯ ತಂಡ, ಇದನ್ನು ಸ್ವಾಗತಿಸಲು ಸಾಧ್ಯವಿಲ್ಲ ಎಂದರು. ಸೆಪ್ಟೆಂಬರ್ 24ರಂದು ಎಂ.ಸಿ.ಸಿ. ಪ್ರವಾಸ ರದ್ದುಮಾಡಿತು.

ಫೋರ್‌ಸ್ಟರ್ ಬಾಯಿಬಿಟ್ಟು ಹೇಳಿದ್ದು ಕ್ರೌರ್ಯವೇ ಹೌದು. ಆದರೆ ಅದು ಎದುರಿಗೆ ಕಾಣುವ ಕ್ರೌರ್ಯ. ಓದಿದವರು, ಸಭ್ಯರು, ಮೆಲುದನಿಯವರು ಸೇರಿ ಅದಕ್ಕೆ ಅನುಕೂಲವಾಗುವಂತೆ ನಡೆದುಕೊಂಡು ಯೋಗ್ಯತೆಯ ಹೆಸರಿಟ್ಟರಲ್ಲ, ಅದನ್ನು ಹಿಡಿಯುವುದು ಇನ್ನೂ ಕಷ್ಟ. ಆ ವರ್ಷದ ಡಿಸೆಂಬರಿನಲ್ಲಿ ಶೆಪರ್ಡ್ ಮತ್ತು ತರುಣ ಮೈಕ್ ಬ್ರಿಯರ್ಲಿ ಕ್ಲಬ್ಬಿನ ವಿಶೇಷ ಸಭೆಯಲ್ಲಿ ಆಡಳಿತದವರನ್ನು ಟೀಕಿಸುವ ಠರಾವು ತಂದರು. ಠರಾವು ಬಿದ್ದುಹೋಯಿತು. ಬಹುಮತ ಆಡಳಿತದವರ ಕಡೆಗಿತ್ತು.

ಒಂದು ಬಾಗಿಲಿನಿಂದ ಹಲವು

ಆದರೆ ಕ್ಲಬ್ಬಿನ ಬಹುಮತದಿಂದ ಹೊರಗಿನ ಮಾತು ನಿಲ್ಲಲಿಲ್ಲ. ದಕ್ಷಿಣ ಆಫ್ರಿಕದ ಆಡಳಿತ ಬೇರೆ ದೇಶದ ತಂಡದಲ್ಲಿ ಯಾರಿರಬೇಕೆಂದೂ ನಿರ್ಧರಿಸಲು ಹೊರಟಿದೆ ಎಂಬುದು ಅಲ್ಲಿಯವರೆಗೆ ರಾಜಕೀಯಕ್ಕೂ ಆಟಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದವರಿಗೂ ಅರ್ಥವಾಯಿತು. 1970ರಲ್ಲಿ ಆ ದೇಶದ ತಂಡ ಇಂಗ್ಲೆಂಡಿಗೆ ಬರಬೇಕಿದ್ದಾಗ ಪೀಟರ್ ಹೇನ್ ಎಂಬ ಯುವಕನ ಮುಂದಾಳುತನದಲ್ಲಿ ಚಳವಳಿ ಎದ್ದಿತು. ಬ್ರಿಟಿಷ್ ಸರಕಾರವೇ ಕೇಳಿಕೊಂಡ ಮೇಲೆ ಪ್ರವಾಸ ರದ್ದಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ದಕ್ಷಿಣ ಆಫ್ರಿಕವನ್ನು ಹೊರಹಾಕಿತು. 1971ರಲ್ಲಿ ಡಾನ್ ಬ್ರಾಡ್ಮನ್ ಮುಖ್ಯಸ್ಥರಾಗಿದ್ದ ಆಸ್ಟ್ರೇಲಿಯ ಮಂಡಳಿಯೂ ಆ ತಂಡಕ್ಕೆ ಕೊಟ್ಟಿದ್ದ ಆಹ್ವಾನವನ್ನು ಹಿಂತೆಗೆದುಕೊಂಡಿತು. ಪೊಲಾಕ್, ರಿಚರ್ಡ್ಸ್, ಪ್ರಾಕ್ಟರ್‌ರಂಥ ಅಸಾಧಾರಣ ಆಟಗಾರರಿದ್ದ ತಂಡ ಮನೆಯಲ್ಲೇ ಕುಳಿತಿತು.

ಭಾರತವೂ ಬೆಲೆ ತೆತ್ತಿದೆ. 1946ರಲ್ಲೇ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ನಿಲ್ಲಿಸಿದ್ದ ದೇಶ ಇದು. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಸೋದರರಿದ್ದ ಭಾರತ ಡೇವಿಸ್ ಕಪ್ ಟೆನಿಸಿನ ಅಂತಿಮ ಹಂತ ತಲುಪಿತು. ಎದುರಾಳಿ ದಕ್ಷಿಣ ಆಫ್ರಿಕ. ಭಾರತ ಆಡಲಿಲ್ಲ, ಕಪ್ ಆಡದೆಯೇ ಅವರ ಪಾಲಾಯಿತು. ಗೆಲ್ಲುವ ಅವಕಾಶವಿದ್ದ ಆ ಆಟಗಾರರಿಗೆ ಅದು ಸಣ್ಣ ತ್ಯಾಗವಾಗಿರಲಿಲ್ಲ.

ಡಿ'ಒಲಿವೆರಾ ಮಾತ್ರ ಇದರ ನಡುವೆ ಭಾಷಣ ಮಾಡಲಿಲ್ಲ, ಮೆರವಣಿಗೆಯಲ್ಲಿ ನಡೆಯಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಮಾತಾಡಬೇಕಿತ್ತೆಂದು ಕೆಲವು ಹೋರಾಟಗಾರರು ಬೇಸರಪಟ್ಟದ್ದೂ ಉಂಟು. ಆತ 1972ರವರೆಗೆ ಆಡಿದ. 44 ಟೆಸ್ಟ್, 2,484 ರನ್ನು, ಐದು ಶತಕ, 47 ವಿಕೆಟ್. ಸರಾಸರಿ ನಲವತ್ತಕ್ಕೆ ತುಸು ಮೇಲೆ. ಮೂವತ್ತನಾಲ್ಕರಲ್ಲಿ ಶುರುಮಾಡಿದವನ ಲೆಕ್ಕ ಇದು. ಇಪ್ಪತ್ತೆರಡರಲ್ಲಿ ಶುರುಮಾಡಿದ್ದರೆ ಎಷ್ಟಾಗುತ್ತಿತ್ತೋ. ಅವಕಾಶ ಸಿಗದೆ ಸಿಗ್ನಲ್ ಹಿಲ್ಲಿನ ಬಯಲಿನಲ್ಲೇ ಮುಗಿದುಹೋದ ಇತರರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ದಕ್ಷಿಣ ಆಫ್ರಿಕ ಮರಳಿ ಬಂದದ್ದು 1991ರ ನವೆಂಬರ್ 10ರಂದು, ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ, ಹಿಂದೆಂದೂ ಎದುರಿಸದಿದ್ದ ಭಾರತದ ವಿರುದ್ಧ. ಮರುವರ್ಷ ಡರ್ಬನ್ನಿನಲ್ಲಿ ಭಾರತದ ಎದುರಿನ ಟೆಸ್ಟಿನಲ್ಲಿ ಮಿಶ್ರವರ್ಣೀಯನಾದ ಓಮರ್ ಹೆನ್ರಿ ತಂಡದಲ್ಲಿದ್ದ, ತನ್ನ ನಲವತ್ತನೆಯ ವಯಸ್ಸಿನಲ್ಲಿ! 1998ರಲ್ಲಿ ಮಖಾಯ ಎನ್ಟಿನಿ ದಕ್ಷಿಣ ಆಫ್ರಿಕಕ್ಕೆ ಟೆಸ್ಟ್ ಆಡಿದ ಮೊದಲ ಕರಿಯ ಆಫ್ರಿಕನ್ ಆದದ್ದು ನ್ಯೂಲೆಂಡ್ಸ್ ಮೈದಾನದಲ್ಲೇ.

2000ದಲ್ಲಿ ದಕ್ಷಿಣ ಆಫ್ರಿಕ ತನ್ನ ಶತಮಾನದ ಹತ್ತು ಕ್ರಿಕೆಟಿಗರನ್ನು ಹೆಸರಿಸಿದಾಗ ಆ ದೇಶಕ್ಕೆ ಒಂದು ಟೆಸ್ಟನ್ನೂ ಆಡದ ಡಿ'ಒಲಿವೆರಾ ಅದರಲ್ಲಿದ್ದ. 2004ರಿಂದ ಆ ನೆಲದಲ್ಲಿ ಇಂಗ್ಲೆಂಡ್ ಮತ್ತು ದಕ್ಷಿಣ ಆಫ್ರಿಕ ಆಡುವ ಟೆಸ್ಟ್ ಸರಣಿಯ ಟ್ರೋಫಿಗೆ ಆತನದೇ ಹೆಸರು. 2011ರ ನವೆಂಬರಿನಲ್ಲಿ ಆತ ತೀರಿಕೊಂಡ.

2025ರ ಜೂನಿನಲ್ಲಿ ದಕ್ಷಿಣ ಆಫ್ರಿಕ ಆಸ್ಟ್ರೇಲಿಯವನ್ನು ಸೋಲಿಸಿ ವಿಶ್ವ ಟೆಸ್ಟ್ ಚಾಂಪಿಯನ್ ಆಯಿತು. ತಂಡದ ನಾಯಕ ತೆಂಬಾ ಬವುಮಾ, ಕೇಪ್‌ಟೌನಿನ ಲಾಂಗಾ ಎಂಬ ಕರಿಯರ ಕೇರಿಯಲ್ಲಿ ಬೆಳೆದ ಹುಡುಗ. ತೊಡೆಯ ಸ್ನಾಯು ನೋಯುತ್ತಿದ್ದರೂ ಕುಂಟುತ್ತ ಓಡಿ ಎರಡನೆಯ ಇನಿಂಗ್ಸಿನಲ್ಲಿ 66 ರನ್ನು ಹೊಡೆದ. ಪಂದ್ಯ ನಡೆದದ್ದು ಲಾರ್ಡ್ಸಿನಲ್ಲಿ, ಐವತ್ತೇಳು ವರ್ಷದ ಹಿಂದೆ ಅದೇ ಊರಿನ ಇನ್ನೊಬ್ಬ ಆಟಗಾರನಿಗೆ ತಾನಾಗಿಯೇ ಹಿಂದೆ ಸರಿಯಬಾರದೇ ಎಂದು ಕೇಳಿದ್ದ ಮೈದಾನದಲ್ಲಿ.

ಅಂದು ಆತ ಹಿಂದೆ ಸರಿಯಲಿಲ್ಲ. ದುಡ್ಡಿಗೂ ಸರಿಯಲಿಲ್ಲ, ಸಲಹೆಗೂ ಸರಿಯಲಿಲ್ಲ. ಬ್ಯಾಟು ಹಿಡಿದು ನಿಂತ. ಮನುಷ್ಯರನ್ನು ಹುಟ್ಟಿನಿಂದ ಅಳೆಯುವ ನಿಯಮಗಳು ಎಲ್ಲಿದ್ದರೂ ಅವುಗಳ ಬಲ ಇರುವುದು ಬಾಗಿಲು ಹಾಕಿರುವಷ್ಟು ಹೊತ್ತು ಮಾತ್ರ. ಒಬ್ಬನಾದರೂ ಒಳಗೆ ಬಂದು ಆಡಿ ತೋರಿಸಿದ ಮೇಲೆ, ಬಾಗಿಲು ಹಾಕಿದವರೇ ಅದಕ್ಕೆ ಕಾರಣ ಹೇಳಬೇಕಾಗುತ್ತದೆ.